ವೆಲೆನ್ಸಿಯಾದ ಸುತ್ತಣ ಕೋಟೆಗಳು

ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ನನ್ನ ತಂಡದಲ್ಲೇ ಇದ್ದಾರೆ ಎಂದೆ. ನಾನು ಇತಿಹಾಸ ಓದಿದವನು, ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ಈ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಒಂದು ಗುಡ್ಡ ಬರೆದು, ಅದರ ಮೇಲೊಂದು ಕೋಟೆ ಬರೆದು, ಕೆಳಗೆ ಸಾಲಾಗಿ ಆನೆಗಳನ್ನು ನಿಲ್ಲಿಸಿ ಹ್ಯಾನಿಬಲ್ಲನ ಪಾಠ ಮಾಡಿದ್ದರು. ಪರೀಕ್ಷೆಗೆ ಬರದ ಪಾಠ ಅದು. ಮಳೆ ಬಂದು ಆಟದ ಪೀರಿಯಡ್ಡು ನಿಂತ ಕಾರಣಕ್ಕೆ ಮಾಡಿದ್ದು. ಆ ಗುಡ್ಡವನ್ನು ಕಳೆದ ವರ್ಷ ನಾನು ಹತ್ತಿ ಬಂದೆ. ಅದರ ಸುದ್ದಿಯನ್ನೇ ಬರೆಯುತ್ತೇನೆ.

ನನ್ನ ಮಗಳು ಸ್ಪೇನ್ ದೇಶದ ವೆಲೆನ್ಸಿಯಾ ನಗರದಲ್ಲಿ ಕೆಲಸದಲ್ಲಿದ್ದಾಳೆ. ನಗರ ಇರುವುದು ಪೂರ್ವ ಕರಾವಳಿಯಲ್ಲಿ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ. ಅವಳು ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ನನಗೆ ಮಾಡಲು ಏನೂ ಇರುತ್ತಿರಲಿಲ್ಲ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಲೋಕಲ್ ರೈಲು ಹತ್ತುತ್ತಿದ್ದೆ. ಅಲ್ಲಿ ಉತ್ತರಕ್ಕೆ ಹೋದರೂ ಕೋಟೆ, ದಕ್ಷಿಣಕ್ಕೆ ಹೋದರೂ ಕೋಟೆ.

ಮೊದಲು ಹೋದದ್ದು ಸಗುಂತೊಗೆ. ರೈಲಿನಲ್ಲಿ ಅರ್ಧ ಗಂಟೆಯ ದಾರಿ, ಎರಡೂ ಕಡೆ ಕಿತ್ತಳೆ ತೋಟ. ಊರ ಹಿಂದೆ ಬೋಳುಗುಡ್ಡದ ನೆತ್ತಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ಕೋಟೆಯ ಗೋಡೆ ಹಾವಿನಂತೆ ಮಲಗಿದೆ. ಒಳಗೆ ಒಂದರ ಮುಂದೊಂದು ಏಳು ಅಂಗಳಗಳು. ಏಳು ಎಂದ ಕೂಡಲೇ ನನಗೆ ನಮ್ಮ ದುರ್ಗದ ಏಳು ಸುತ್ತು ನೆನಪಾಯಿತು. ಆದರೆ ಇಲ್ಲಿ ಸುತ್ತಿನೊಳಗೆ ಸುತ್ತಿಲ್ಲ. ಗುಡ್ಡದ ಬೆನ್ನು ಇದ್ದಂತೆ ಕೋಟೆ ಉದ್ದಕ್ಕೆ ಹರಿದಿದೆ. ರೋಮನ್ನರ ಕಲ್ಲಿನ ಮೇಲೆ ಅರಬರ ಗೋಡೆ, ಅದರ ಮೇಲೆ ಕ್ರೈಸ್ತ ಅರಸರದ್ದು, ಅದರ ಮೇಲೆ ನೆಪೋಲಿಯನ್ ಕಾಲದ ಫಿರಂಗಿ ಕಟ್ಟೆ. ಯಾರೂ ಹಳೆಯದನ್ನು ಪೂರ್ತಿ ಕೆಡವಲಿಲ್ಲ, ಯಾರೂ ಹಳೆಯದನ್ನು ಹಾಗೇ ಬಿಡಲೂ ಇಲ್ಲ.

ಕ್ರಿ.ಪೂ. 219ರಲ್ಲಿ ಹ್ಯಾನಿಬಲ್ ಈ ಊರನ್ನು ಮುತ್ತಿದ. ಆಗ ಅವನಿಗೆ ಮೂವತ್ತರ ಒಳಗಿನ ವಯಸ್ಸು. ಆಫ್ರಿಕಾದ ಉತ್ತರ ತೀರದ ಕಾರ್ತೇಜ್ ರಾಜ್ಯದ ಸೇನಾಪತಿ. ಸಗುಂತೊದವರು ರೋಮಿನ ಸ್ನೇಹ ಕಟ್ಟಿಕೊಂಡಿದ್ದರು, ಕಷ್ಟ ಬಂದರೆ ರೋಮ್ ಬರುತ್ತದೆ ಎಂದು ನಂಬಿದ್ದರು. ಮುತ್ತಿಗೆ ಸುಮಾರು ಎಂಟು ತಿಂಗಳು ನಡೆಯಿತು. ಕೋಟೆಯವರು ಉದ್ದನೆಯ ಈಟಿಯ ತುದಿಗೆ ಎಣ್ಣೆ, ರಾಳ ಹಚ್ಚಿದ ನಾರು ಸುತ್ತಿ ಬೆಂಕಿ ಕೊಟ್ಟು ಎಸೆಯುತ್ತಿದ್ದರಂತೆ. ಗೋಡೆಯ ಹತ್ತಿರ ಬಂದ ಹ್ಯಾನಿಬಲ್ಲನ ತೊಡೆಗೇ ಒಂದು ಭರ್ಜಿ ನಾಟಿತು ಎಂದು ರೋಮನ್ ಇತಿಹಾಸಕಾರ ಲಿವಿ ಬರೆದಿದ್ದಾನೆ. ರೋಮ್ ಏನು ಮಾಡಿತು? ರಾಯಭಾರಿಗಳನ್ನು ಕಳಿಸಿತು. ಸೈನ್ಯವನ್ನು ಕಳಿಸಲಿಲ್ಲ. ಅಲ್ಲಿ ಸಭೆ ನಡೆಯುತ್ತಿದ್ದಾಗ ಇಲ್ಲಿ ಊರು ಬಿತ್ತು. ಊರಿನ ಹಿರಿಯರು ತಮ್ಮ ಬೆಳ್ಳಿ ಬಂಗಾರವನ್ನೆಲ್ಲ ಚೌಕದಲ್ಲಿ ಉರಿಯುವ ಬೆಂಕಿಗೆ ಹಾಕಿ, ಅನೇಕರು ತಾವೂ ಅದಕ್ಕೆ ಹಾರಿದರು ಎಂದೂ ಲಿವಿ ಹೇಳುತ್ತಾನೆ. ಅವನು ಎರಡು ಶತಮಾನ ಆದ ಮೇಲೆ, ಗೆದ್ದ ರೋಮಿನ ಕಡೆಯಿಂದ ಬರೆದವನು ಎಂಬುದನ್ನು ಮರೆಯಬಾರದು. ಆದರೆ ಊರು ಬಿದ್ದದ್ದು, ಅದೇ ಕಾರಣಕ್ಕೆ ಮರುವರ್ಷ ರೋಮ್ ಮತ್ತು ಕಾರ್ತೇಜ್ ನಡುವೆ ದೊಡ್ಡ ಯುದ್ಧ ಹೊತ್ತಿಕೊಂಡದ್ದು, ಹ್ಯಾನಿಬಲ್ ಆನೆಗಳ ಸಮೇತ ಆಲ್ಪ್ಸ್ ಪರ್ವತ ದಾಟಿ ಇಟಲಿಗೆ ಇಳಿದದ್ದು ನಿಜ. ಮೇಷ್ಟ್ರು ಬರೆದ ಆನೆಗಳು ಆ ದಾರಿಯವು.

ಗುಡ್ಡ ಇಳಿಯುವಾಗ ಅರ್ಧ ದಾರಿಯಲ್ಲಿ ರೋಮನ್ ನಾಟಕಶಾಲೆ ಇದೆ. ಕ್ರಿಸ್ತಶಕ ಮೊದಲನೆಯ ಶತಮಾನದ್ದು. 1896ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ್ದರು. 1990ರ ದಶಕದಲ್ಲಿ ಸರ್ಕಾರ ಇಬ್ಬರು ವಾಸ್ತುಶಿಲ್ಪಿಗಳಿಂದ ಅದನ್ನು ಪುನಃ ಕಟ್ಟಿಸಿತು. ಹಳೆಯ ಮೆಟ್ಟಿಲುಗಳ ಮೇಲೆ ಹೊಸ ಕಲ್ಲಿನ ಹೊದಿಕೆ, ಎದುರಿಗೆ ಹೊಸದಾಗಿ ಎದ್ದ ಎತ್ತರದ ಗೋಡೆ. ಇದು ರಿಪೇರಿಯಲ್ಲ, ಹಳೆಯದನ್ನು ಮುಚ್ಚಿ ಹೊಸದು ಕಟ್ಟಿದ್ದು ಎಂದು ಕೋರ್ಟಿಗೆ ಹೋದರು. 2000ದಲ್ಲಿ ಸ್ಪೇನಿನ ಸುಪ್ರೀಂ ಕೋರ್ಟೂ ಆ ಕೆಲಸ ಕಾನೂನಿಗೆ ವಿರುದ್ಧ ಎಂದಿತು. ಹೊಸದನ್ನು ಕಿತ್ತು ಮೊದಲಿನಂತೆ ಮಾಡಬೇಕು. ಆದರೆ ಕೀಳಲು ಹೋದರೆ ಹಳೆಯ ಕಲ್ಲಿಗೇ ಪೆಟ್ಟು. ಕೊನೆಗೆ ಇನ್ನೊಂದು ತೀರ್ಪು ಬಂದು ಅದು ಆಗದ ಕೆಲಸ ಎಂದು ಕೈಬಿಟ್ಟರು. ಈಗ ಬೇಸಿಗೆಯಲ್ಲಿ ಅಲ್ಲಿ ನಾಟಕಗಳು ನಡೆಯುತ್ತವೆ. ನಾನು ಹೊಸ ಕಲ್ಲಿನ ಮೇಲೆ ಕೂತೇ ಬುತ್ತಿ ಬಿಚ್ಚಿದೆ. ಯಾರ ಪಕ್ಷ ವಹಿಸಬೇಕೆಂದು ಊಟ ಮುಗಿದರೂ ತಿಳಿಯಲಿಲ್ಲ.

ಇನ್ನೊಂದು ಮಾತು. ಈ ಊರಿಗೆ ನೂರಾರು ವರ್ಷ ಸಗುಂತೊ ಎಂಬ ಹೆಸರೇ ಇರಲಿಲ್ಲ. ಮುರ್ವಿಯೆದ್ರೊ ಎನ್ನುತ್ತಿದ್ದರು. ಹಳೆಯ ಗೋಡೆಗಳು ಎಂದರ್ಥ. 1868ರಲ್ಲಿ ಹಳೆಯ ರೋಮನ್ ಹೆಸರನ್ನು ಮತ್ತೆ ಇಟ್ಟರು. ಜನ ಹೆಸರು ಮರೆತರೂ ಗೋಡೆ ಮರೆತಿರಲಿಲ್ಲ.

ವೆಲೆನ್ಸಿಯಾ ನಗರದ ಕೋಟೆಯ ಕಥೆ ಬೇರೆ. ಗೋಡೆಯೇ ಇಲ್ಲ, ಬಾಗಿಲು ಮಾತ್ರ ಇವೆ. 1094ರಲ್ಲಿ ಎಲ್ ಸಿದ್ ಎಂಬ ಪ್ರಸಿದ್ಧ ವೀರ ಈ ನಗರವನ್ನು ಗೆದ್ದು ಐದು ವರ್ಷ ಆಳಿ ಇಲ್ಲೇ ಸತ್ತ. ಅವನ ಹೆಂಡತಿ ಹಿಮೇನಾ 1102ರವರೆಗೆ ನಗರವನ್ನು ಹಿಡಿದುಕೊಂಡಿದ್ದಳು. ಆಮೇಲೆ ಮತ್ತೆ ಮುಸ್ಲಿಂ ಅರಸರು. 1238ರಲ್ಲಿ ಅರಗಾನ್ ರಾಜ್ಯದ ದೊರೆ ಮೊದಲನೆಯ ಜೇಮ್ಸ್ ಒಳಗೆ ಬಂದ. ಈಗ ನಿಂತಿರುವ ಸೆರಾನೋಸ್ ಬಾಗಿಲನ್ನು 1392ರಿಂದ 1398ರ ನಡುವೆ ಕಟ್ಟಿದ್ದು. ಹೊರಗಿನಿಂದ ನೋಡಿದರೆ ಎರಡು ಭಾರಿ ಬುರುಜು, ಒಳಗೆ ಬಂದು ತಿರುಗಿ ನೋಡಿದರೆ ಬೆನ್ನೇ ಇಲ್ಲ, ನಗರದ ಕಡೆಗೆ ಪೂರ್ತಿ ತೆರೆದಿದೆ. ಬಾಗಿಲು ಹಿಡಿದವನು ಅದನ್ನು ನಗರದ ಮೇಲೆ ತಿರುಗಿಸದಿರಲಿ ಎಂದು ಹಾಗೆ ಕಟ್ಟಿದ್ದು ಎನ್ನುತ್ತಾರೆ. ಮುಂದೆ ಮೂರು ಶತಮಾನ ಅದೇ ಸೆರೆಮನೆಯಾಯಿತು.

1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾದಾಗ ಮ್ಯಾಡ್ರಿಡ್ಡಿನ ಪ್ರಾದೊ ಮ್ಯೂಸಿಯಮ್ಮಿನ ಅಮೂಲ್ಯ ಚಿತ್ರಗಳನ್ನು ಲಾರಿಗಳಲ್ಲಿ ತಂದು ಈ ಬುರುಜುಗಳೊಳಗೆ ಬಚ್ಚಿಟ್ಟರು. ಬಾಂಬು ಬಿದ್ದರೆ? ಒಳಗೆ ದಪ್ಪ ಕಾಂಕ್ರೀಟಿನ ಕಮಾನು ಹಾಕಿ, ಅದರ ಮೇಲಿನ ಅಂತಸ್ತಿನಲ್ಲಿ ಒಂದು ಮೀಟರ್ ದಪ್ಪಕ್ಕೆ ಭತ್ತದ ಹೊಟ್ಟು ತುಂಬಿದರು. ವೆಲೆನ್ಸಿಯಾದ ಪಕ್ಕದ ಆಲ್ಬುಫೆರಾ ಕೆರೆಯ ಸುತ್ತ ಗದ್ದೆಗಳೇ ಗದ್ದೆ, ಹೊಟ್ಟಿಗೆ ಬರವಿಲ್ಲ. ಐನೂರು ವರ್ಷ ದಾಟಿದ ಕಲ್ಲು ಮತ್ತು ಆ ವರ್ಷದ ಹೊಟ್ಟು ಸೇರಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಕಾದವು. ನಮ್ಮ ಊರಿನ ಭತ್ತದ ಮಿಲ್ಲಿನ ಯಜಮಾನರು ಇದನ್ನು ಓದಿದರೆ ಸಂತೋಷಪಡುತ್ತಾರೆ.

ಗೋಡೆ ಎಲ್ಲಿ ಹೋಯಿತು? 1865ರಲ್ಲಿ ರೇಷ್ಮೆ ಕೈಗಾರಿಕೆ ನೆಲಕಚ್ಚಿ ಸಾವಿರಾರು ಜನ ಕೆಲಸವಿಲ್ಲದೆ ಕೂತಿದ್ದರು. ಅವರಿಗೆ ಕೂಲಿ ಸಿಗಲಿ, ನಗರವೂ ಬೆಳೆಯಲಿ ಎಂದು ಅಂದಿನ ಗವರ್ನರು ಗೋಡೆ ಕೆಡವಲು ಅಪ್ಪಣೆ ಕೊಟ್ಟರು. ಹಸಿದವನ ಮುಂದೆ ಕೋಟೆಯ ಚರಿತ್ರೆ ಹೇಳಿದರೆ ಏನು ಪ್ರಯೋಜನ. ಸೆರಾನೋಸ್ ಮತ್ತು ಕ್ವಾರ್ತ್ ಎಂಬ ಎರಡು ದೊಡ್ಡ ಬಾಗಿಲು ಉಳಿದವು, ಎರಡೂ ಆಗ ಸೆರೆಮನೆಗಳಾಗಿದ್ದದ್ದೇ ಅವುಗಳ ಪುಣ್ಯ. ಕ್ವಾರ್ತ್ ಬಾಗಿಲಿನ ಮೈಯೆಲ್ಲ ಸಿಡುಬಿನ ಕಲೆಯಂತೆ ಕುಳಿಗಳು. 1808ರಲ್ಲಿ ನೆಪೋಲಿಯನ್ನನ ಸೈನ್ಯ ಹೊಡೆದ ಗುಂಡುಗಳ ಗುರುತು. ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ಆ ಸಲ ಫ್ರೆಂಚರು ಹಿಂದೆ ಹೋದರು. 1811ರ ಅಕ್ಟೋಬರಿನಲ್ಲಿ ಸಗುಂತೊ ಕೋಟೆ ಮಾರ್ಷಲ್ ಸೂಶೆಯ ಕೈಸೇರಿತು, ಮುಂದಿನ ಜನವರಿಯಲ್ಲಿ ವೆಲೆನ್ಸಿಯಾ. ಅದೇ ಜನವರಿಯಲ್ಲಿ ಸ್ಪೇನಿನ ಪಶ್ಚಿಮದ ಗಡಿಯಲ್ಲಿ ಫ್ರೆಂಚರಿಂದ ಸ್ಯೂದಾದ್ ರೊದ್ರಿಗೊ ಕೋಟೆಯನ್ನು ಕಿತ್ತುಕೊಂಡ ಇಂಗ್ಲಿಷ್ ಸೇನಾಪತಿ ಯಾರು ಗೊತ್ತೇ? ವೆಲಿಂಗ್ಟನ್. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಇವನು.

ಕೋಟೆಯ ವಿಷಯವಲ್ಲದಿದ್ದರೂ ರೈತರಾದ ನಮ್ಮೂರಿನವರಿಗಾಗಿ ಒಂದು ಸಂಗತಿ ಬರೆಯಲೇಬೇಕು. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿಯ ದೊಡ್ಡ ಚರ್ಚಿನ ಬಾಗಿಲಲ್ಲಿ ನೀರಿನ ನ್ಯಾಯ ಕೂಡುತ್ತದೆ. ನಗರದ ಸುತ್ತಣ ಕಾಲುವೆಗಳ ರೈತರು ಆರಿಸಿದ ಎಂಟು ಜನ, ಕಪ್ಪು ಅಂಗಿ ತೊಟ್ಟು ಕೂರುತ್ತಾರೆ. ಯಾರಾದರೂ ಸರದಿ ತಪ್ಪಿಸಿ ನೀರು ತಿರುಗಿಸಿದ್ದರೆ ದೂರು, ವಿಚಾರಣೆ, ತೀರ್ಪು ಎಲ್ಲ ಬಾಯಲ್ಲೇ, ಅಲ್ಲೇ. ವಕೀಲರಿಲ್ಲ. ಕಾಲುವೆಗೆ ಅವರು ಅನ್ನುವ ಆಸೇಕಿಯಾ ಎಂಬ ಪದವೇ ಅರಬ್ಬಿಯಿಂದ ಬಂದದ್ದು. ನಾನು ಹೋದ ದಿನ ದೂರು ಯಾವುದೂ ಇರಲಿಲ್ಲ. ಕಾಲುವೆಯ ಹೆಸರುಗಳನ್ನು ಒಂದೊಂದಾಗಿ ಕೂಗಿ ಎದ್ದು ಹೋದರು.

ದಕ್ಷಿಣಕ್ಕೆ ಅರುವತ್ತು ಕಿಲೋಮೀಟರ್ ದೂರದ ಶಾತಿವಾ ನನ್ನನ್ನು ಹೆಚ್ಚು ಕಾಡಿದ ಊರು. ಅಲ್ಲಿ ಒಂದೇ ಬೆಟ್ಟದ ಸಾಲಿನ ಮೇಲೆ ಎರಡು ಕೋಟೆಗಳಿವೆ, ಚಿಕ್ಕದು ಮತ್ತು ದೊಡ್ಡದು. ಚಿಕ್ಕದೇ ಹಳೆಯದು. ದೊಡ್ಡ ಕೋಟೆ ಅರಗಾನ್ ಅರಸರ ಸೆರೆಮನೆಯಾಗಿತ್ತು. ಸಿಂಹಾಸನಕ್ಕೆ ಹಕ್ಕು ಹೂಡಿ ಸೋತ ಉರ್ಜೆಲ್ಲಿನ ಕೌಂಟ್ 1433ರಲ್ಲಿ ಸತ್ತದ್ದು ಅಲ್ಲೇ. ಯುರೋಪಿನಲ್ಲಿ ಮೊದಲು ಕಾಗದ ಮಾಡಿದ ಊರುಗಳಲ್ಲಿ ಶಾತಿವಾ ಒಂದು. ಚೀನಾದಿಂದ ಸಮರ್‌ಕಂದ್, ಬಾಗ್ದಾದ್ ಹಾದು ಬಂದ ವಿದ್ಯೆಯನ್ನು ಅರಬರು ಇಲ್ಲಿಗೆ ತಂದಿದ್ದರು. ಇಲ್ಲಿಯ ಕಾಗದವನ್ನು 12ನೆಯ ಶತಮಾನದ ಭೂಗೋಳ ಪಂಡಿತ ಅಲ್ ಇದ್ರಿಸಿ ಹೊಗಳಿದ್ದಾನೆ.

1700ರಲ್ಲಿ ಸ್ಪೇನಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡ. ಪಟ್ಟಕ್ಕೆ ಇಬ್ಬರು ನಿಂತರು, ಫ್ರಾನ್ಸ್ ಮನೆತನದ ಫಿಲಿಪ್, ಆಸ್ಟ್ರಿಯಾ ಮನೆತನದ ಚಾರ್ಲ್ಸ್. ವೆಲೆನ್ಸಿಯಾದ ಸೀಮೆ ಚಾರ್ಲ್ಸನ ಕಡೆ ವಾಲಿತು. 1707ರ ಏಪ್ರಿಲ್ 25ರಂದು ಅಲ್ಮಾನ್ಸಾ ಬಯಲಿನಲ್ಲಿ ಫಿಲಿಪ್ಪನ ಕಡೆಯವರು ಗೆದ್ದರು. ಆದರೂ ಶಾತಿವಾ ಬಾಗಿಲು ತೆರೆಯಲಿಲ್ಲ. ಬೀದಿ ಬೀದಿಯಲ್ಲಿ ಕಾದಿತು. ಸೋತ ಮೇಲೆ ಊರಿಗೆ ಬೆಂಕಿ ಇಡಲು ಆಜ್ಞೆಯಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ, ಊರಿನ ಹೆಸರನ್ನೂ ತೆಗೆದು ಗೆದ್ದವನ ಹೆಸರಿನಲ್ಲಿ ಸಾನ್ ಫೆಲಿಪೆ ಎಂದು ಇಟ್ಟರು. ಶಾತಿವಾದ ಜನರನ್ನು ಇಂದಿಗೂ ಸೊಕರ್‍ರಾತ್ ಎನ್ನುತ್ತಾರೆ. ಸುಟ್ಟವರು ಎಂದರ್ಥ. ಬೈಗುಳವಾಗಿ ಅಲ್ಲ, ಅವರೇ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಊರ ಮ್ಯೂಸಿಯಂ ಒಂದು ಕಾಲದ ಧಾನ್ಯದ ಕಣಜ. ಅದರೊಳಗೆ ಐದನೆಯ ಫಿಲಿಪ್ ದೊರೆಯ ತೈಲಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದ್ದಾರೆ. ಹರಿದಿಲ್ಲ, ಮಸಿ ಬಳಿದಿಲ್ಲ, ಧೂಳು ಒರೆಸಿ ಜೋಪಾನವಾಗಿಯೇ ಇಟ್ಟಿದ್ದಾರೆ, ಆದರೆ ತಲೆ ಕೆಳಗೆ, ಕಾಲು ಮೇಲೆ. ನಾನು ಕತ್ತು ಓರೆ ಮಾಡಿ ಅವನ ಮುಖ ನೋಡಲು ಹೆಣಗುತ್ತಿದ್ದಾಗ ಅಲ್ಲಿಯ ಕಾವಲುಗಾರ ನಕ್ಕ. ಎಲ್ಲ ಪ್ರವಾಸಿಗಳೂ ಹಾಗೇ ಮಾಡುತ್ತಾರೆ ಎಂದು ಕಾಣುತ್ತದೆ.

ಪೆನ್ಯೀಸ್ಕೊಲಾಕ್ಕೆ ಮಗಳ ರಜೆಯ ದಿನ ಕಾರಿನಲ್ಲಿ ಹೋದದ್ದು. ಸಮುದ್ರದೊಳಕ್ಕೆ ಚಾಚಿದ ಬಂಡೆಯ ಮೇಲೆ ಟೆಂಪ್ಲರ್ ಯೋಧರು 1294ರಿಂದ 1307ರವರೆಗೆ ಕಟ್ಟಿದ ಕೋಟೆ. ಪೋಪ್ ಪದವಿಗೆ ಏಕಕಾಲದಲ್ಲಿ ಹಲವರು ಹಕ್ಕು ಹೇಳುತ್ತಿದ್ದ ಕಾಲದಲ್ಲಿ ಹದಿಮೂರನೆಯ ಬೆನೆಡಿಕ್ಟ್ ಎನಿಸಿಕೊಂಡ ಪೆದ್ರೊ ದ ಲೂನಾ 1411ರಲ್ಲಿ ಇಲ್ಲಿಗೆ ಬಂದು ಸೇರಿದ. ಎಲ್ಲರೂ ಕೈಬಿಟ್ಟರೂ ನಾನೇ ಪೋಪ್ ಎನ್ನುತ್ತ 1423ರಲ್ಲಿ ಸಾಯುವವರೆಗೆ ಕೂತಿದ್ದ. ಹಟಮಾರಿಯನ್ನು ಕುರಿತು ಸ್ಪೇನಿನವರು ‘ತನ್ನ ಹದಿಮೂರರಲ್ಲೇ ಇದ್ದಾನೆ’ ಎನ್ನುವುದು ಇವನಿಂದಲೇ ಎಂದು ಹೇಳುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಈಗ ನಮ್ಮೂರಿಗೆ ಬರುತ್ತೇನೆ. ನಮ್ಮೂರ ಅಗಸೆಯ ಪಕ್ಕದ ಬತೇರಿ ಐವತ್ತು ದಾಟಿದವರಿಗೆಲ್ಲ ನೆನಪಿರಬೇಕು. ಕೆಳಗೆ ಕಲ್ಲು, ಮೇಲೆ ಮಣ್ಣು, ಪಾರಿವಾಳದ ಗೂಡು. ಮೇಲ್ಭಾಗ ಒಂದು ಮಳೆಗಾಲದಲ್ಲಿ ಕುಸಿಯಿತು. ಶಾಲೆಯ ಕಾಂಪೌಂಡಿಗೆ ಹಣ ಸಾಲದಿದ್ದಾಗ ಹಿರಿಯರು ಸೇರಿ, ಹೇಗೂ ಬಿದ್ದಿದೆಯಲ್ಲ ಎಂದು ಆ ಕಲ್ಲುಗಳನ್ನೇ ತರಿಸಿದರು. ಒಂದು ಶನಿವಾರ ಮಧ್ಯಾಹ್ನ ಎಂಟು, ಒಂಬತ್ತನೆಯ ತರಗತಿಯ ಹುಡುಗರು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ಸಾಗಿಸಿದೆವು. ನಾನೂ ಆ ಸಾಲಿನಲ್ಲಿದ್ದೆ. ಕೊನೆಗೆ ಎಲ್ಲರಿಗೂ ಮಂಡಕ್ಕಿ ಕೊಟ್ಟರು. ದೊಡ್ಡವನಾಗಿ ಕಾಲೇಜಿನಲ್ಲಿ ಸ್ಮಾರಕ ಸಂರಕ್ಷಣೆಯ ಪಾಠ ಹೇಳುವಾಗೆಲ್ಲ ಆ ಮಧ್ಯಾಹ್ನವನ್ನು ನಾನು ಯಾರಿಗೂ ಹೇಳಿದವನಲ್ಲ. ಆ ಗೋಡೆ ಇಲ್ಲದಿದ್ದರೆ ಶಾಲೆಯ ಗಿಡಗಳು ಒಂದೂ ಉಳಿಯುತ್ತಿರಲಿಲ್ಲ, ಅದೂ ನಿಜವೇ.

ವೆಲೆನ್ಸಿಯಾದಿಂದ ಬಂದ ಮೇಲೆ ಒಂದು ಬೆಳಿಗ್ಗೆ ಶಾಲೆಗೆ ಹೋಗಿ ಕಾಂಪೌಂಡನ್ನು ಸುತ್ತಿ ನೋಡಿದೆ. ಹೆಚ್ಚಿನ ಕಲ್ಲುಗಳ ಮೇಲೆ ಸಿಮೆಂಟು, ಸುಣ್ಣ ಬಂದಿದೆ. ಉತ್ತರ ದಿಕ್ಕಿನಲ್ಲಿ, ನೀರಿನ ಟ್ಯಾಂಕಿನ ಹಿಂದೆ, ನೆಲದಿಂದ ಎರಡನೆಯ ವರಸೆಯಲ್ಲಿ ಉಳಿಯ ಗುರುತು ಸ್ಪಷ್ಟವಾಗಿರುವ ಐದು ಕಲ್ಲುಗಳಿವೆ. ಒಂದರಲ್ಲಿ ಬಂದೂಕಿನ ಕಿಂಡಿಯ ಅರ್ಧ ಅಂಚು ಉಳಿದಿದೆ. ಸುವರ್ಣ ಮಹೋತ್ಸವಕ್ಕೆ ಗೋಡೆಗೆ ಬಣ್ಣ ಹೊಡೆಸುತ್ತಾರೆಂದು ಕೇಳಿದೆ. ಆ ಐದು ಕಲ್ಲುಗಳನ್ನು ಬಿಟ್ಟು ಹೊಡೆಯಿರಿ ಎಂದು ಸಮಿತಿಯವರಲ್ಲಿ ಹೇಳಿದ್ದೇನೆ, ಒಪ್ಪಿದ್ದಾರೆ. ಅಂದು ಸಾಲಿನಲ್ಲಿ ನಿಂತಿದ್ದವರು ಯಾರಾದರೂ ಇದನ್ನು ಓದಿ, ಉಳಿದ ಕಲ್ಲುಗಳು ಗೋಡೆಯಲ್ಲಿ ಎಲ್ಲೆಲ್ಲಿವೆ ಎಂದು ನೆನಪಿದ್ದರೆ, ಸಮಾರಂಭದ ದಿನ ಟ್ಯಾಂಕಿನ ಹತ್ತಿರ ಬನ್ನಿ. ನಾನು ಅಲ್ಲೇ ಇರುತ್ತೇನೆ, ಸುಣ್ಣದ ಬಳಪ ತಂದಿರುತ್ತೇನೆ.