ತೊಗರಿಗೆ ನೆಟೆ ರೋಗ: ಟ್ರೈಕೋಡರ್ಮಾ ಕೆಲಸ ಬಿತ್ತನೆಗೆ 15 ದಿನ ಮುಂಚೆಯೇ ಶುರುವಾಗಬೇಕು

ರಾಯಚೂರು: ಹೂವು, ಕಾಯಿ ಹಿಡಿಯುವ ಹೊತ್ತಿಗೆ ತೊಗರಿ ಗಿಡ ಒಂದೊಂದೇ ಬಾಡಿ ಒಣಗಿದರೆ ರೈತರು ಓಡುವುದು ಗೊಬ್ಬರದಂಗಡಿಗೆ. 'ಏನರ ಒಂದು ಎಣ್ಣಿ ಕೊಡ್ರಿ' ಅನ್ನೋ ಮಾತು ದೇವದುರ್ಗ, ಮಾನ್ವಿ ಅಂಗಡಿಗಳಿಗೆ ಹೊಸದಲ್ಲ. ಆದರೆ ಆಗ ಏನು ಹೊಡೆದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಾಡಿದ ಗಿಡ ಮತ್ತೆ ಚಿಗುರುವುದಿಲ್ಲ.

ಈ ರೋಗಕ್ಕೆ ಕಾರಣ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಮಣ್ಣಿನಲ್ಲಿ ಉಳಿದ ಕೂಳೆಯ ಮೇಲೆ ಇದು ಸುಮಾರು 3 ವರ್ಷ ಬದುಕಿರುತ್ತದೆ. ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಕಂಡು, ಕಾಂಡ ಸೀಳಿದಾಗ ಒಳಗೆ ಕಂದುಗೆರೆ ಇದ್ದರೆ ಅದು ನೆಟೆ ರೋಗವೇ.

ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಆದರೆ ಬೆಳೆಗೆ ಮಿತ್ರ. ರೋಗದ ಶಿಲೀಂಧ್ರಕ್ಕೆ ಸುತ್ತಿಕೊಂಡು ಅದನ್ನೇ ತಿನ್ನುತ್ತದೆ, ಬೇರಿನ ಸುತ್ತಲಿನ ಜಾಗವನ್ನು ಮೊದಲೇ ಹಿಡಿದುಕೊಳ್ಳುತ್ತದೆ. ಹಿಡಿಯಬೇಕೆಂದರೆ ರೋಗಕ್ಕಿಂತ ಮುಂಚೆ ಹೊಲದಾಗ ಇರಬೇಕಲ್ಲ! ಬರೀ ಪುಡಿ ಎರಚಿದರೆ ನಮ್ಮ ಬಿಸಿಲಿಗೆ ಸಾಯುತ್ತದೆ. ಅದಕ್ಕೇ ತಿಪ್ಪೆ ಗೊಬ್ಬರ ಬೇಕು.

100 ಕೆಜಿ ಚೆನ್ನಾಗಿ ಕಳಿತ ಗೊಬ್ಬರಕ್ಕೆ 1 ಕೆಜಿ ಟ್ರೈಕೋಡರ್ಮಾ ಬೆರೆಸಿ, ನೆರಳಲ್ಲಿ ಗುಡ್ಡೆ ಹಾಕಿ ನೀರು ಚಿಮುಕಿಸಬೇಕು. ಹಸಿ ಗೋಣಿಚೀಲ ಮುಚ್ಚಿ, ಮೂರ್ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿದರೆ 10-15 ದಿನದಲ್ಲಿ ಶಿಲೀಂಧ್ರ ಗುಡ್ಡೆಯ ತುಂಬ ಬೆಳೆದಿರುತ್ತದೆ. ಬಿತ್ತನೆ ಹೊತ್ತಿಗೆ ಹಸಿ ಇರುವ ಮಣ್ಣಿಗೆ ಸೇರಿಸಬೇಕು. ಹಸಿ ಸಗಣಿ ಬೇಡ, ಅದು ಕಾವೇರುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಬೀಜಕ್ಕಾದರೆ ಕೆಜಿಗೆ 4 ಗ್ರಾಂ ಲೇಪಿಸಿ ನೆರಳಲ್ಲಿ ಆರಿಸಿದರೆ ಸಾಕು. ಕಾರ್ಬೆಂಡಜಿಮ್ ಜೊತೆ ಮಾತ್ರ ಬೆರೆಸಬಾರದು, ಅದು ಮಿತ್ರನನ್ನೂ ಕೊಲ್ಲುತ್ತದೆ. ಕಡಲೆ ಸೊರಗು ರೋಗಕ್ಕೂ ಇದೇ ಕ್ರಮ.

ಅಂಗಡಿಯವರ ಪಾಲೂ ಇದೆ. ಪ್ಯಾಕೆಟ್ಟಿನೊಳಗೆ ಇರುವುದು ಜೀವ. ತಗಡಿನ ಶೆಡ್ಡಿನಲ್ಲಿ ಬೇಸಿಗೆಯೆಲ್ಲಾ ಇಟ್ಟರೆ ಮಾರುವುದು ಬರೀ ಸುಣ್ಣದಂಥ ಪುಡಿ. ತಂಪಾದ ಜಾಗದಲ್ಲಿಟ್ಟು, ಅವಧಿ ಮುಗಿದದ್ದನ್ನು ತೆಗೆದುಹಾಕಬೇಕು. ಟ್ರೈಕೋಡರ್ಮಾ 1968ರ ಕೀಟನಾಶಕ ಕಾಯ್ದೆಯಡಿ ಬರುವುದರಿಂದ ಲೇಬಲ್ ಮೇಲೆ ನೋಂದಣಿ ಸಂಖ್ಯೆ ಇರಲೇಬೇಕು. ರೈತರೂ ತಯಾರಿಕೆ ದಿನಾಂಕ ನೋಡಿ, ಬಿಲ್ ಕೇಳಿ ಪಡೆಯಬೇಕು.

ಒಣಗಿದ್ದೆಲ್ಲಾ ನೆಟೆಯಲ್ಲ ಎಂಬುದೂ ಗೊತ್ತಿರಲಿ. ಒಣಹವೆಯ ಬೆನ್ನಿಗೆ ಜೋರು ಮಳೆ ಬಂದು ಎರೆಹೊಲದಲ್ಲಿ ನೀರು ನಿಂತಾಗ ಹತ್ತಿ ಗಿಡ ದಿಢೀರನೆ ಜೋತು ಬೀಳುತ್ತದೆ. ಅದು ರೋಗಾಣುವಿನ ಕೆಲಸವಲ್ಲ, ಅದಕ್ಕೆ ಟ್ರೈಕೋಡರ್ಮಾ ಕೊಂಡರೆ ದುಡ್ಡು ದಂಡ. ಬಸಿಗಾಲುವೆ ತೆಗೆದು ನೀರು ಹೊರಹಾಕಬೇಕು.

ನೆಟೆ ಹೆಚ್ಚಿರುವ ಹೊಲದಲ್ಲಿ ಟ್ರೈಕೋಡರ್ಮಾ ಒಂದನ್ನೇ ನಂಬಿ ಕೂರುವುದೂ ಸರಿಯಲ್ಲ. ತೊಗರಿಯ ಮೇಲೆ ತೊಗರಿ ಬಿತ್ತದೆ ಜೋಳ ಹಾಕಬೇಕು, ಇಲ್ಲವೇ ತೊಗರಿ ಜೊತೆ ಜೋಳದ ಸಾಲು ಇಡಬೇಕು. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ 'ಮಾರುತಿ' ತಳಿ ನೆಟೆ ತಡೆಯುತ್ತದೆ, ಆದರೆ ಬಂಜೆ ರೋಗಕ್ಕೆ ತುತ್ತಾಗುತ್ತದೆ. ಯಾವ ಹೊಲಕ್ಕೆ ಯಾವ ತಳಿ ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು. ಹೋಗುವಾಗ ಒಣಗಿದ ಗಿಡವನ್ನು ಬೇರು ಸಮೇತ ಕಿತ್ತು ಒಯ್ಯಿರಿ.