ಹೆಲಿಕಾಪ್ಟರ್ ರೋಟರ್ ಸುರಕ್ಷತೆ

ಹೆಲಿಕಾಪ್ಟರ್ ರೋಟರ್ ಸುರಕ್ಷತೆ ಎಂಬುದು ನೆಲದ ಮೇಲಿರುವ ಹೆಲಿಕಾಪ್ಟರಿನ ಅಲಗುಗಳು ತಿರುಗುತ್ತಿರುವಾಗ ಅದರ ಬಳಿ ಓಡಾಡುವವರು ಪಾಲಿಸಬೇಕಾದ ಎಚ್ಚರಿಕೆಯ ಕ್ರಮಗಳನ್ನು ಸೂಚಿಸುತ್ತದೆ.

ಜನರು ಸಾಮಾನ್ಯವಾಗಿ ಅಂಜುವುದು ತಲೆಯ ಮೇಲಿನ ಪ್ರಧಾನ ರೋಟರಿಗೆ. ಆದರೆ ಹೆಚ್ಚು ವಂಚಕವಾದುದು ಬಾಲದ ರೋಟರು. ಹಲವು ಮಾದರಿಗಳಲ್ಲಿ ಅದು ಆಳೆತ್ತರದಲ್ಲಿಯೇ ಇದ್ದು, ವೇಗವಾಗಿ ತಿರುಗುವಾಗ ಕಣ್ಣಿಗೆ ಕಾಣುವುದೇ ಕಷ್ಟ. ಎಂಜಿನ್ನಿನ ಅಬ್ಬರದಲ್ಲಿ ಕೂಗಿ ಎಚ್ಚರಿಸಿದರೂ ಕೇಳಿಸದು. 1981ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ನಿರ್ದೇಶಕ ಬೋರಿಸ್ ಸೇಗಲ್ ಚಿತ್ರೀಕರಣದ ಸಂದರ್ಭದಲ್ಲಿ ಹೆಲಿಕಾಪ್ಟರಿನಿಂದ ಇಳಿದು, ತಪ್ಪು ದಿಕ್ಕಿಗೆ ತಿರುಗಿ ಬಾಲದ ರೋಟರಿಗೆ ಸಿಲುಕಿ ಮೃತಪಟ್ಟರು. 2023ರ ಏಪ್ರಿಲ್‌ನಲ್ಲಿ ಕೇದಾರನಾಥದ ಹೆಲಿಪ್ಯಾಡಿನಲ್ಲಿ ಸರ್ಕಾರಿ ಅಧಿಕಾರಿಯೊಬ್ಬರು ಬಾಲದ ರೋಟರು ತಗುಲಿಯೇ ಪ್ರಾಣ ಕಳೆದುಕೊಂಡರು.

ಆದಕಾರಣ ಪೈಲಟ್ ಸನ್ನೆ ಮಾಡುವವರೆಗೆ ಕಾದು, ಅವರಿಗೆ ಕಾಣುವಂತೆ ಮುಂಬದಿಯಿಂದಲೋ ಪಕ್ಕದಿಂದಲೋ ಬಾಗಿ ನಡೆಯಬೇಕು. ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೋಗಬೇಕಾದಾಗ ಮೂತಿಯ ಕಡೆಯಿಂದಲೇ ಸುತ್ತಬೇಕು. ಎಂಜಿನ್ ನಿಂತೊಡನೆ ಅಪಾಯ ಕಳೆಯಿತೆಂದು ಭಾವಿಸಲಾಗದು: ವೇಗ ತಗ್ಗಿದಂತೆ ಪ್ರಧಾನ ರೋಟರಿನ ಅಲಗುಗಳು ಜೋತುಬೀಳುತ್ತವೆ, ಗಾಳಿ ಬೀಸಿದರೆ ಇನ್ನೂ ಕೆಳಗಿಳಿಯುತ್ತವೆ. ಇಳಿಜಾರಿನಲ್ಲಿ ಏರುಬದಿಯ ನೆಲ ಅಲಗುಗಳಿಗೆ ಸಮೀಪವಾಗುವುದರಿಂದ ಇಳಿಬದಿಯಿಂದ ಮಾತ್ರ ಹೋಗಿಬರಬೇಕು. ಉದ್ದನೆಯ ವಸ್ತುಗಳನ್ನು ಹೆಗಲಿಗೇರಿಸದೆ ಸೊಂಟದ ಕೆಳಗೆ ಅಡ್ಡಲಾಗಿ ಹಿಡಿಯಬೇಕು. ಹಾರಿಹೋದ ಟೋಪಿಯನ್ನು ಬೆನ್ನಟ್ಟಬಾರದು. ಧೂಳಿನಿಂದ ಕಣ್ಣು ಮಂಜಾದರೆ ಇದ್ದಲ್ಲಿಯೇ ಕುಳಿತು ನೆರವಿಗಾಗಿ ಕಾಯಬೇಕು.