ಅಜ್ಜಿಯ ಗುಟ್ಟಿನ ಮದ್ದಿಗೆ 6,800 ಜನರ ಪರೀಕ್ಷೆ

ಇವತ್ತಿನ ಕಥೆ ಶುರುವಾಗೋದು 1775ರ ಇಂಗ್ಲೆಂಡಿನಲ್ಲಿ. ವಿಲಿಯಂ ವಿದರಿಂಗ್ ಅನ್ನೋ ಡಾಕ್ಟರ್ ಮುಂದೆ ಒಂದು ಮನೆಮದ್ದಿನ ವಿಚಾರ ಬಂತು. ಮೈ ಊದಿಕೊಂಡು, ಉಸಿರಾಡೋಕೂ ಕಷ್ಟಪಡ್ತಿದ್ದ ಕೆಲವರು ಅದರಿಂದ ಚೇತರಿಸಿಕೊಂಡಿದ್ದರು. ಶ್ರಾಪ್‌ಶೈರ್‌ನ ಒಬ್ಬ ಅಜ್ಜಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದಳು.

ಅದರಲ್ಲಿ 20ಕ್ಕೂ ಹೆಚ್ಚು ಗಿಡಮೂಲಿಕೆ! ಆದರೆ ಗಿಡಗಳನ್ನು ಚೆನ್ನಾಗಿ ಬಲ್ಲ ವಿದರಿಂಗ್‌ಗೆ ಅನಿಸಿದ್ದು, ಕೆಲಸ ಮಾಡ್ತಿರೋದು ಒಂದೇ ಒಂದು: ಫಾಕ್ಸ್‌ಗ್ಲೋವ್. ಗಂಟೆಯಾಕಾರದ ನೇರಳೆ ಹೂವಿನ ಗಿಡ.

ತೊಂದರೆ ಏನಪ್ಪಾ ಅಂದ್ರೆ, ಅದು ವಿಷದ ಗಿಡವೂ ಹೌದು. ಸ್ವಲ್ಪ ಹೆಚ್ಚಾದ್ರೆ ವಾಂತಿ, ನಾಡಿ ನಿಧಾನ, ಕೊನೆಗೆ ಸಾವು. ಹಾಗಾಗಿ ಅವನು ಎಲೆ ಒಣಗಿಸಿ, ಪುಡಿ ಮಾಡಿ, ಅಳೆದು ಅಳೆದು ಕೊಟ್ಟ. ಹತ್ತು ವರ್ಷ ಬರೆದಿಟ್ಟ ಲೆಕ್ಕವನ್ನು 1785ರಲ್ಲಿ ಪುಸ್ತಕ ಮಾಡಿದ. ಗುಣವಾದವರನ್ನಷ್ಟೇ ಅಲ್ಲ, ಗುಣವಾಗದವರನ್ನೂ ಅದರಲ್ಲಿ ದಾಖಲಿಸಿದ. ಅವನ ದೊಡ್ಡತನ ಇರೋದು ಇಲ್ಲೇ.

1930ರಲ್ಲಿ ಈ ಗಿಡದ ಹತ್ತಿರದ ಸಂಬಂಧಿಯೊಂದರಿಂದ ಡಿಜಾಕ್ಸಿನ್ ಅನ್ನೋ ಶುದ್ಧ ರಾಸಾಯನಿಕವನ್ನು ಬೇರ್ಪಡಿಸಿದರು. ಹೃದಯ ಪ್ರತಿ ಬಡಿತದಲ್ಲೂ ಇನ್ನಷ್ಟು ಬಲವಾಗಿ ಹಿಂಡುವಂತೆ ಅದು ಮಾಡುತ್ತೆ. ಡಾಕ್ಟರ್‌ಗಳು ದಶಕಗಳ ಕಾಲ ಬರೆದುಕೊಟ್ಟರು. ಆದರೆ ಇದರಿಂದ ಆಯಸ್ಸು ಹೆಚ್ಚುತ್ತಾ? ಅದಕ್ಕೆ ಗಟ್ಟಿ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು 1997ರಲ್ಲಿ. ಅಮೆರಿಕ ಮತ್ತು ಕೆನಡಾದಲ್ಲಿ ಹೃದಯ ದುರ್ಬಲಗೊಂಡಿದ್ದ 6,800 ರೋಗಿಗಳು. ಅರ್ಧ ಜನಕ್ಕೆ ಡಿಜಾಕ್ಸಿನ್, ಉಳಿದವರಿಗೆ ಔಷಧವೇ ಇಲ್ಲದ, ನೋಡೋಕೆ ಹಾಗೇ ಇರೋ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರ್‌ಗೂ ಗೊತ್ತಿಲ್ಲ. ಸರಾಸರಿ ಮೂರು ವರ್ಷ ಗಮನಿಸಿದರು.

ಫಲಿತಾಂಶ? ಎರಡೂ ಗುಂಪಿನಲ್ಲಿ ತೀರಿಕೊಂಡವರು ನೂರಕ್ಕೆ ಸುಮಾರು 35. ಜೀವ ಉಳಿಸೋ ವಿಷಯದಲ್ಲಿ ವ್ಯತ್ಯಾಸವೇ ಇಲ್ಲ! ಆದರೆ ಹೃದಯದ ತೊಂದರೆ ಜಾಸ್ತಿಯಾಗಿ ಆಸ್ಪತ್ರೆ ಸೇರಿದವರು ಖಾಲಿ ಮಾತ್ರೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 35, ಡಿಜಾಕ್ಸಿನ್ ಗುಂಪಿನಲ್ಲಿ ಸುಮಾರು 27.

ಅಂದ್ರೆ ಅಜ್ಜಿಯ ಮದ್ದು ಸುಳ್ಳೂ ಅಲ್ಲ, ಪವಾಡವೂ ಅಲ್ಲ. ಅದು ಎಷ್ಟು ಕೆಲಸ ಮಾಡುತ್ತೆ ಅಂತ ತಿಳಿಯೋಕೆ 200 ವರ್ಷಕ್ಕೂ ಹೆಚ್ಚು ಬೇಕಾಯ್ತು.

'ಇದು ಗಿಡದ್ದು, ಏನೂ ಆಗಲ್ಲ' ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದ್ರೆ ಎರಡು ಪ್ರಶ್ನೆ ಕೇಳಿ. ಎಷ್ಟು ಪ್ರಮಾಣ? ಗುಣವಾಗದೇ ಇದ್ದವರ ಲೆಕ್ಕ ಎಲ್ಲಿ? ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.